ತಲೆಹೊಟ್ಟು ಮತ್ತು ಜೀವಸತ್ವಗಳು: ಒಂದು ವಿಮರ್ಶೆ

ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿಯೂ ಜನಪ್ರಿಯ ವೈದ್ಯ ಲೇಖನಗಳಲ್ಲಿಯೂ ಒಂದು ವಿಚಾರವು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ತಲೆಹೊಟ್ಟು ಎಂಬುದು ಜೀವಸತ್ವಗಳ ಕೊರತೆಯ ಹೊರಚಿಹ್ನೆ, ಆದುದರಿಂದ ಆಹಾರವನ್ನು ತಿದ್ದಿಕೊಂಡರೆ ಇಲ್ಲವೆ ಗುಳಿಗೆಗಳನ್ನು ನುಂಗಿದರೆ ಅದು ತಾನಾಗಿ ಮಾಯವಾಗುವುದು ಎಂಬುದೇ ಆ ವಿಚಾರ. ಇದನ್ನು ಬರೆಯುವವರ ಸದುದ್ದೇಶದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಸದುದ್ದೇಶವು ಸತ್ಯಕ್ಕೆ ಪ್ರಮಾಣವಾಗಲಾರದು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಊಟವನ್ನು ಮುಂದಿಟ್ಟುಕೊಂಡು ಈ ವಾದದಲ್ಲಿ ಕಾಳೆಷ್ಟು, ಹೊಟ್ಟೆಷ್ಟು ಎಂಬುದನ್ನು ತೂರಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವನ್ನೇ ನೋಡೋಣ. ಹೊಟ್ಟು ಎಂದರೆ ಧಾನ್ಯದ ಮೇಲಿನ ಸಿಪ್ಪೆ, ತೌಡು. ತಲೆಯಿಂದ ಉದುರುವ ಬಿಳಿಯ ಹುಡಿಗೆ ಕನ್ನಡಿಗರು ಅದೇ ಹೆಸರನ್ನು ಕೊಟ್ಟರು. ಗ್ರೀಕರೂ ತೌಡಿನ ಹೆಸರಿನಿಂದಲೇ ಈ ರೋಗವನ್ನು ‘ಪಿಟಿರಿಯಾಸಿಸ್’ ಎಂದು ಕರೆದರು. ಲ್ಯಾಟಿನಿನಲ್ಲಿ ತೌಡನ್ನು ಸೂಚಿಸುವ ‘ಫರ್‌ಫರ್’ ಎಂಬ ಶಬ್ದವು ಇದೇ ಬಗೆಯ ಶಿಲೀಂಧ್ರವೊಂದರ ಹೆಸರಿನಲ್ಲಿ ಇಂದಿಗೂ ಉಳಿದಿದೆ. ನಮ್ಮ ಪ್ರಾಚೀನ ವೈದ್ಯರು ಇದನ್ನು ‘ದಾರುಣಕ’ವೆಂದು ಕರೆದರು, ಸುಶ್ರುತಸಂಹಿತೆಯು ಇದನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಸೇರಿಸಿದೆ. ಮೂರು ಭಾಷೆಗಳ ಜನ ಒಂದೇ ಹೋಲಿಕೆಯನ್ನು ಕಂಡುಕೊಂಡದ್ದು, ಈ ತೊಂದರೆಯು ಯಾವುದೋ ಒಂದು ಸೀಮೆಯ ಊಟಕ್ಕೆ ಮಾತ್ರ ಅಂಟಿಕೊಂಡದ್ದಲ್ಲವೆಂಬುದಕ್ಕೆ ಒಂದು ಸಣ್ಣ ಸೂಚನೆ.

ಆಹಾರವಾದಿಗಳ ಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕಾದರೆ ಅದರ ಹಿಂದಿರುವ ಪ್ರಯೋಗಗಳನ್ನು ಒಪ್ಪಿಕೊಳ್ಳಲೇಬೇಕು. 1938ರಲ್ಲಿ ಅಮೆರಿಕದ ಸೆಬ್ರೆಲ್ ಮತ್ತು ಬಟ್ಲರ್ ಎಂಬವರು ರೈಬೊಫ್ಲೇವಿನ್ ಕಡಿಮೆಯಿರುವ ಆಹಾರವನ್ನು ಕೆಲವರಿಗೆ ಕೊಟ್ಟು ನೋಡಿದಾಗ, ಬಾಯಿಯ ಮೂಲೆಗಳು ಬಿರಿದು, ಮೂಗಿನ ಬದಿಗಳಲ್ಲಿ ಜಿಡ್ಡುಗೂಡಿದ ಪೊರೆಗಳು ಕಾಣಿಸಿದವು. ಆ ಜೀವಸತ್ವವನ್ನು ಕೊಟ್ಟೊಡನೆ ಅವು ಮಾಯವಾದವು. 1942ರಲ್ಲಿ ಸೈಡೆನ್‌ಸ್ಟ್ರಿಕರ್ ಮತ್ತು ಅವನ ಸಂಗಡಿಗರು ಹಸಿಯ ಮೊಟ್ಟೆಯ ಬಿಳಿಯನ್ನು ಹೇರಳವಾಗಿ ತಿನ್ನಿಸಿ ಬಯೊಟಿನ್ ಕೊರತೆಯನ್ನು ಉಂಟುಮಾಡಿದಾಗ ಚರ್ಮವು ಸುಲಿಯತೊಡಗಿತು. 1953ರಲ್ಲಿ ವಿಲ್ಟರ್ ಮತ್ತು ಸಂಗಡಿಗರು ಪಿರಿಡಾಕ್ಸಿನ್ನಿಗೆ ವಿರೋಧಿಯಾದ ಒಂದು ದ್ರವ್ಯವನ್ನು ಕೊಟ್ಟಾಗ ಕಣ್ಣು, ಮೂಗು, ಬಾಯಿಗಳ ಸುತ್ತ ಅಂಥದೇ ಪೊರೆಗಳು ಎದ್ದವು. ಸತುವಿನ ತೀವ್ರ ಕೊರತೆಯಲ್ಲಿಯೂ ಚರ್ಮವು ಕೆಡುವುದು, ಕೂದಲು ಉದುರುವುದು ವೈದ್ಯರಿಗೆ ತಿಳಿದ ಸಂಗತಿಗಳು. ಆದುದರಿಂದ ಊಟಕ್ಕೂ ಚರ್ಮಕ್ಕೂ ಸಂಬಂಧವೇ ಇಲ್ಲವೆಂದು ಯಾರೂ ಹೇಳಲಾರರು.

ಆದರೆ ಈ ಪ್ರಯೋಗಗಳಿಂದ ಸಿದ್ಧವಾಗುವುದೇನು? ಕಟ್ಟುನಿಟ್ಟಾಗಿ ಒಂದು ಜೀವಸತ್ವವನ್ನು ದೇಹಕ್ಕೆ ಸಿಗದಂತೆ ಮಾಡಿದರೆ ಚರ್ಮ ಕೆಡುತ್ತದೆ ಎಂಬುದಷ್ಟೇ. ಚರ್ಮ ಕೆಟ್ಟಲ್ಲೆಲ್ಲ ಜೀವಸತ್ವದ ಕೊರತೆಯಿದೆ ಎಂಬ ತಿರುಗುಮಾತು ಇದರಿಂದ ಸಿದ್ಧವಾಗುವುದಿಲ್ಲ. ಮಳೆ ಬಂದರೆ ಅಂಗಳ ತೋಯುತ್ತದೆ ಎಂಬುದು ನಿಜ. ಅಂಗಳ ತೋಯ್ದಿದ್ದರೆ ಮಳೆಯೇ ಬಂದಿರಬೇಕೆಂಬುದು ನಿಜವಲ್ಲ, ಯಾರಾದರೂ ನೀರು ಹೊಡೆದಿರಬಹುದು. ಮತ್ತೊಂದು ಮಾತು: ಮೇಲಿನ ಪ್ರಯೋಗಗಳಲ್ಲಿ ವ್ಯಾಧಿಯು ಮುಖ್ಯವಾಗಿ ಮುಖದ ಮೇಲೆ ತೋರಿತು, ಅದರ ಸಂಗಡ ನಾಲಗೆ ತುಟಿಗಳೂ ಕೆಟ್ಟವು. ಬರಿಯ ತಲೆಹೊಟ್ಟೊಂದೇ, ಬೇರೆ ಯಾವ ಚಿಹ್ನೆಯೂ ಇಲ್ಲದೆ, ಕೊರತೆಯ ದೂತನಾಗಿ ಬಂದಿತೆಂದು ಅವು ಹೇಳುವುದಿಲ್ಲ.

ತಲೆಹೊಟ್ಟಿಗೆ ಕಾರಣವೇನೆಂಬುದು ಈಗ ಬಹುಮಟ್ಟಿಗೆ ತಿಳಿದಿದೆ. ಮನುಷ್ಯನ ನೆತ್ತಿಯ ಚರ್ಮದ ಮೇಲೆ ‘ಮಲಸೀಜಿಯ’ ಎಂಬ ಸೂಕ್ಷ್ಮ ಶಿಲೀಂಧ್ರವು ವಾಸವಾಗಿದೆ. 1874ರಲ್ಲಿ ಇದನ್ನು ವರ್ಣಿಸಿದ ಫ್ರೆಂಚ್ ವಿಜ್ಞಾನಿ ಮಲಸ್ಸೇ ಎಂಬವನ ಹೆಸರೇ ಅದಕ್ಕೆ ಬಂದಿದೆ. ತನಗೆ ಬೇಕಾದ ಕೊಬ್ಬನ್ನು ಇದು ತಾನೇ ತಯಾರಿಸಿಕೊಳ್ಳಲಾರದು. ಚರ್ಮದ ಗ್ರಂಥಿಗಳು ಒಸರುವ ಜಿಡ್ಡನ್ನು ಒಡೆದು ತನಗೆ ಬೇಕಾದುದನ್ನು ಹೀರಿಕೊಂಡು, ಓಲಿಯಿಕ್ ಆಮ್ಲದಂಥ ದ್ರವ್ಯಗಳನ್ನು ಅಲ್ಲಿಯೇ ಉಳಿಸುತ್ತದೆ. ಇದನ್ನು ಸಹಿಸದ ಚರ್ಮವು ಕೆರಳಿ, ತನ್ನ ಮೇಲ್ಪದರವನ್ನು ಅವಸರದಿಂದ ಕಳಚಿಹಾಕುತ್ತದೆ. ಹೀಗೆ ಜಿಡ್ಡು, ಶಿಲೀಂಧ್ರ, ವ್ಯಕ್ತಿಯ ಸಹಜ ಪ್ರವೃತ್ತಿ ಈ ಮೂರೂ ಕೂಡಿದಲ್ಲಿ ಹೊಟ್ಟು ಉದುರುತ್ತದೆ.

ಈ ವಿವರಣೆಯು ಆಹಾರವಾದಕ್ಕಿಂತ ಏಕೆ ಬಲವಾದದ್ದೆಂಬುದು ವಯಸ್ಸಿನ ಲೆಕ್ಕದಿಂದ ಗೊತ್ತಾಗುತ್ತದೆ. ಅಪೌಷ್ಟಿಕತೆಯು ಅತ್ಯಂತ ಕ್ರೂರವಾಗಿ ಬಾಧಿಸುವುದು ಎಳೆಯ ಮಕ್ಕಳನ್ನು. ಆದರೆ ಹಾಲುಗೂಸುಗಳ ನೆತ್ತಿಯ ಪೊರೆಯನ್ನು ಬಿಟ್ಟರೆ, ಹರೆಯಕ್ಕೆ ಮುಂಚೆ ತಲೆಹೊಟ್ಟು ವಿರಳ. ಗ್ರಂಥಿಗಳು ಚುರುಕುಗೊಳ್ಳುವ ಪ್ರಾಯದಲ್ಲಿ ಅದು ಹುಟ್ಟಿ, ತಾರುಣ್ಯದಲ್ಲಿ ಹೆಚ್ಚುತ್ತದೆ. ರಕ್ತಹೀನತೆ ಮೊದಲಾದ ಕೊರತೆಗಳು ಹೆಂಗಸರಲ್ಲಿ ಹೆಚ್ಚು. ತಲೆಹೊಟ್ಟಾದರೋ ಗಂಡಸರಲ್ಲಿ ಹೆಚ್ಚು. ಜಗತ್ತಿನ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಉಂಡವರೂ ಉಣ್ಣದವರೂ, ಒಂದಲ್ಲ ಒಂದು ಕಾಲಕ್ಕೆ ಇದನ್ನು ಅನುಭವಿಸುತ್ತಾರೆ. ಕೊರತೆಯು ಒಂದು ದಾರಿಯಲ್ಲಿ, ರೋಗವು ಇನ್ನೊಂದು ದಾರಿಯಲ್ಲಿ ನಡೆಯುತ್ತಿರುವಾಗ ಮೊದಲನೆಯದನ್ನು ಎರಡನೆಯದರ ಪ್ರಧಾನ ಕಾರಣವೆನ್ನುವುದು ಸಾಧುವಲ್ಲ.

ಸತುವಿನ ವಿಷಯದಲ್ಲಿ ಒಂದು ವಿಶೇಷ ಭ್ರಾಂತಿಯಿದೆ. ತಲೆಹೊಟ್ಟಿನ ಶಾಂಪೂಗಳಲ್ಲಿ ಜಿಂಕ್ ಪೈರಿಥಿಯೋನ್ ಎಂಬ ಸತುವಿನ ಸಂಯುಕ್ತವೂ ಸೆಲೆನಿಯಂ ಸಲ್ಫೈಡೂ ಬಳಕೆಯಾಗುತ್ತಿವೆ. ಇದನ್ನು ಕಂಡವರು, ಸತುವಿನಿಂದ ಗುಣವಾಗುವುದಾದರೆ ಸತುವಿನ ಕೊರತೆಯೇ ರೋಗವೆಂದು ಊಹಿಸುತ್ತಾರೆ. ಆ ಸಂಯುಕ್ತಗಳು ಚರ್ಮಕ್ಕೆ ಉಣಿಸಾಗಿ ಬರುವುದಿಲ್ಲ, ಶಿಲೀಂಧ್ರಕ್ಕೆ ವಿಷವಾಗಿ ಬರುತ್ತವೆ. ಸುಣ್ಣ ಬಳಿದು ಗೋಡೆಯ ಹುಳು ಸತ್ತರೆ, ಗೋಡೆಗೆ ಸುಣ್ಣದ ಹಸಿವಿತ್ತೆಂದು ಹೇಳುವುದುಂಟೆ?

ಎಣ್ಣೆಯ ಮಾತೂ ಹೀಗೆಯೇ. ಎಣ್ಣೆ ಹಚ್ಚಿದಾಗ ಹುಡಿಯು ನೆತ್ತಿಗೆ ಅಂಟಿಕೊಂಡು ಕಾಣದಾಗುತ್ತದೆ, ಕಾಣದಿರುವುದು ಇಲ್ಲದಿರುವುದಲ್ಲ. ಎರೆದುಕೊಳ್ಳುವ ಮುನ್ನ ಹಚ್ಚಿ ಚೆನ್ನಾಗಿ ತೊಳೆದರೆ ಬಾಧಕವಿಲ್ಲ. ವಾರಗಟ್ಟಲೆ ನೆತ್ತಿಯಲ್ಲಿ ಎಣ್ಣೆಯನ್ನು ನಿಲ್ಲಿಸುವುದಾದರೆ, ಆ ಶಿಲೀಂಧ್ರಕ್ಕೆ ನಾವೇ ಊಟ ಬಡಿಸಿದಂತಾಗುತ್ತದೆ.

ಔಷಧವಾಗಿ ಕೊಟ್ಟು ನೋಡಿದಾಗ ಏನಾಯಿತು? ಕೂಸುಗಳ ನೆತ್ತಿಯ ಪೊರೆಗೆ ಬಯೊಟಿನ್ ಕೊಟ್ಟು, ಕೊಡದವರೊಡನೆ ಹೋಲಿಸಿದ ಪರೀಕ್ಷೆಯು 1981ರಲ್ಲಿ ಪ್ರಕಟವಾಯಿತು. ವಿಶೇಷ ಪ್ರಯೋಜನ ಕಾಣಲಿಲ್ಲ. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿ 4,379 ಜನರ ಊಟವನ್ನೂ ಚರ್ಮವನ್ನೂ ಕೂಡಿ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ್ಣು ಹೆಚ್ಚು ತಿನ್ನುವವರಲ್ಲಿ ತಲೆಹೊಟ್ಟಿನ ಕುಲಕ್ಕೆ ಸೇರಿದ ಚರ್ಮರೋಗವು ಶೇಕಡಾ 25ರಷ್ಟು ಕಡಿಮೆಯಿತ್ತು. ಇದು ಗಮನಾರ್ಹವಾದ ಸಂಗತಿ. ಆದರೂ ಒಂದೇ ಕಾಲದಲ್ಲಿ ಎರಡನ್ನೂ ನೋಡಿದ ಅಧ್ಯಯನವು ಸಾಹಚರ್ಯವನ್ನು ತೋರಿಸೀತೇ ಹೊರತು ಕಾರಣವನ್ನಲ್ಲ. ಹಣ್ಣು ತಿನ್ನುವವರ ಬಾಳಿನಲ್ಲಿ ಬೇರೆ ಅನುಕೂಲಗಳೂ ಇರುತ್ತವೆ.

ಈಗ ನಮ್ಮ ಸೀಮೆಗೆ ಬರೋಣ. ಗೋಕಾಕ, ಹುಕ್ಕೇರಿಗಳ, ಮೊದಲು ಗೋಕಾಕ ತಾಲ್ಲೂಕಿನಲ್ಲಿಯೇ ಇದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿಯ ಹಳೆಯ ಊಟವೆಂದರೆ ಜೋಳದ ರೊಟ್ಟಿ, ಕಾಳಿನ ಪಲ್ಯೆ, ಮೆಂತ್ಯ ಪುಂಡಿಗಳಂಥ ಸೊಪ್ಪು, ಶೇಂಗಾ ಗುರೆಳ್ಳುಗಳ ಹಿಂಡಿ, ಮೊಸರು ಮಜ್ಜಿಗೆ. ಒಂದರ ಕುಂದನ್ನು ಇನ್ನೊಂದು ತುಂಬುವಂತೆ ಕೂಡಿಬಂದ ಊಟವಿದು. ಜೋಳದ ಸತುವನ್ನು ಅದರಲ್ಲಿರುವ ಫೈಟಿಕ್ ಆಮ್ಲವು ಕಟ್ಟಿಹಾಕುತ್ತದೆ. ಮೊಳಕೆ ಬರಿಸಿದ ಮಡಿಕೆಕಾಳಿನಲ್ಲಿ ಆ ಕಟ್ಟು ಸಡಿಲುತ್ತದೆ. ರೈಬೊಫ್ಲೇವಿನ್ನನ್ನು ಮಜ್ಜಿಗೆ ಒದಗಿಸುತ್ತದೆ. ಜೋಳದ ರೊಟ್ಟಿ ಒಂದೇ ಉಳಿದು, ಉಳಿದವು ತಾಟಿನಿಂದ ಕಳಚಿದಾಗ ಏನಾಗುವುದೆಂಬುದಕ್ಕೆ ದಖ್ಖನ್ನಿನಲ್ಲಿಯೇ ಸಾಕ್ಷಿಯುಂಟು. ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದ ಹೈದರಾಬಾದಿನ ಪ್ರಯೋಗಾಲಯದಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು, ಬಹುಮಟ್ಟಿಗೆ ಜೋಳವನ್ನೇ ಉಣ್ಣುವ ಬಡವರಲ್ಲಿ ಪೆಲಾಗ್ರ ರೋಗವಿರುವುದನ್ನು ಪರಿಶೀಲಿಸಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲವು ಅಧಿಕವಾಗಿರುವುದೇ ಇದಕ್ಕೆ ಕಾರಣವಾಗಿರಬಹುದೆಂದು 1960ರಲ್ಲಿ ವಾದಿಸಿದರು. ಅನಂತರದ ಸಂಶೋಧನೆಗಳು ಈ ವಾದವನ್ನು ಎಲ್ಲೆಡೆಯೂ ಒಂದೇ ತೆರನಾಗಿ ಎತ್ತಿಹಿಡಿಯಲಿಲ್ಲ. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಅದರಲ್ಲೊಂದು ಪಾಠವಿದೆ. ಆಹಾರದ ದೋಷವು ಚರ್ಮದಲ್ಲಿ ನಿಜವಾಗಿ ಮೂಡಿದಾಗ ಅದು ಬಿಸಿಲು ಬೀಳುವ ಕೈ, ಕಾಲು, ಕೊರಳುಗಳಲ್ಲಿ ಮೂಡಿತು. ಸಂಗಡ ಅತಿಸಾರವನ್ನೂ ಮನೋವಿಕಾರವನ್ನೂ ತಂದಿತು. ಕೊರತೆಯು ಮಾತನಾಡಿದರೆ ಹೀಗೆ ಹಲವು ಬಾಯಿಗಳಿಂದ ಮಾತನಾಡುತ್ತದೆ.

ಹಾಗಾದರೆ ಈ ತಪ್ಪು ವಾದದಿಂದ ಆಗುವ ಹಾನಿಯೇನು? ಹಾನಿ ಎರಡು ಬಗೆಯದು. ಮೊದಲನೆಯದು, ಶಾಂಪೂವಿನಿಂದ ಕೆಲವು ವಾರಗಳಲ್ಲಿ ತಹಬಂದಿಗೆ ಬರುವ ತೊಂದರೆಗೆ ಬಡ ಕುಟುಂಬವು ಬಯೊಟಿನ್ ಗುಳಿಗೆಗಳಿಗಾಗಿ ದುಡ್ಡು ಸುರಿಯುವುದು. ಅಧಿಕ ಪ್ರಮಾಣದ ಬಯೊಟಿನ್ ಥೈರಾಯ್ಡ್ ಮತ್ತು ಹೃದಯದ ರಕ್ತಪರೀಕ್ಷೆಗಳ ಫಲಿತಾಂಶವನ್ನು ಕೆಡಿಸಬಲ್ಲುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2017ರಲ್ಲಿ ಎಚ್ಚರಿಸಿತ್ತು.

ಎರಡನೆಯ ಹಾನಿ ಇದಕ್ಕಿಂತ ದೊಡ್ಡದು. ಜನಪ್ರಿಯ ಲೇಖನಗಳು ಹೊಟ್ಟು ಉದುರುವುದನ್ನೂ ಕೂದಲು ಉದುರುವುದನ್ನೂ ಒಂದೇ ಕಂತೆಯಲ್ಲಿ ಕಟ್ಟುತ್ತವೆ. ಕಬ್ಬಿಣಾಂಶದ ಕೊರತೆಗೆ ತಲೆಹೊಟ್ಟಿನೊಡನೆ ದೃಢವಾದ ನಂಟಿಲ್ಲ; ಕೂದಲು ಉದುರುವುದರೊಡನೆ ಉಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 2019-21ರಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ ಸುಮಾರು 48 ಮಂದಿಗೆ ರಕ್ತಹೀನತೆಯಿದೆಯೆಂದು ಕಂಡಿತು. ಇಂಥ ನಾಡಿನಲ್ಲಿ ಮುಡಿ ತೆಳ್ಳಗಾಗುತ್ತಿರುವ ಹುಡುಗಿಗೆ ‘ಹೊಟ್ಟಾಗಿದೆ’ ಎಂದು ಶಾಂಪೂ ಕೊಡಿಸಿ ಸುಮ್ಮನಾದರೆ, ಅವಳ ರಕ್ತಹೀನತೆಯು ಮುಚ್ಚಿಹೋಗುತ್ತದೆ. ಹೀಗೆ ಆಹಾರದ ಮಾತು ಬೇಡವಾದಲ್ಲಿ ಬಂದು, ಬೇಕಾದಲ್ಲಿ ಬಾರದೆ ಹೋಗುತ್ತದೆ. ಗೋಕಾಕದ ಹೆಸರಾಂತ ಕರದಂಟು ಬಾಣಂತಿಗೆ ಬಲ ಕೊಡುವ ತಿನಿಸೆಂಬುದು ಸರಿ. ರಕ್ತಹೀನತೆಗೆ ಅದೊಂದೇ ಮದ್ದಾಗಲಾರದು, ತಲೆಹೊಟ್ಟಿಗಂತೂ ಅದರಿಂದ ಏನೂ ಆಗದು.

ಈ ಬರೆಹಗಳ ಭಾಷೆಯನ್ನೂ ವಿಮರ್ಶಿಸದೆ ವಿಧಿಯಿಲ್ಲ. ಅವುಗಳ ಜೀವಾಳವಿರುವುದು ‘ಬಹುದು’ ಎಂಬ ಒಂದು ಪದದಲ್ಲಿ. ‘ಕೊರತೆಯು ಕಾರಣವಾಗಬಹುದು’ ಎಂಬಲ್ಲಿ ಅದು ಅಪರೂಪದ ಸಾಧ್ಯತೆಯನ್ನೂ ಸೂಚಿಸುತ್ತದೆ, ದಿನದ ಸಂಭವವನ್ನೂ ಸೂಚಿಸುತ್ತದೆ. ಲೇಖಕನು ಮೊದಲನೆಯ ಅರ್ಥದಲ್ಲಿ ಬರೆದದ್ದನ್ನು ಓದುಗನು ಎರಡನೆಯ ಅರ್ಥದಲ್ಲಿ ತೆಗೆದುಕೊಳ್ಳುತ್ತಾನೆ. ಮರುವಾಕ್ಯದಲ್ಲಿ ಲೇಖಕನೂ ಅದನ್ನೇ ಹಿಡಿದು ‘ಆದುದರಿಂದ’ ಎಂದು ಮುಂದುವರಿಯುತ್ತಾನೆ. ಸಾವಿರದಲ್ಲೊಬ್ಬರಿಗೆ ಆಗುವುದನ್ನೂ ಇಬ್ಬರಲ್ಲೊಬ್ಬರಿಗೆ ಆಗುವುದನ್ನೂ ಒಂದೇ ಕ್ರಿಯಾರೂಪದಿಂದ ಹೇಳುವ ಗದ್ಯವು ವೈಜ್ಞಾನಿಕ ಗದ್ಯವಾಗದು. ‘ವಿರಳವಾಗಿ’, ‘ಸಾಮಾನ್ಯವಾಗಿ’, ‘ತೀವ್ರ ಕೊರತೆಯಲ್ಲಿ ಮಾತ್ರ’ ಎಂಬ ಮಾತುಗಳು ಕನ್ನಡದಲ್ಲಿ ಇಲ್ಲದೆ ಇಲ್ಲ. ಬರೆಯುವವರು ಅವನ್ನು ದುಡಿಸಿಕೊಳ್ಳಬೇಕು.

ಕಾಲೇಜಿನ ಅಧ್ಯಾಪಕರು ಇಷ್ಟನ್ನು ವಿದ್ಯಾರ್ಥಿಗಳಿಗೆ ತಿಳಿಸಿದರೆ ಸಾಕು. ಬರಿಯ ತಲೆಹೊಟ್ಟಾದರೆ ಕಿಟೊಕೊನಜೋಲ್ ಮೊದಲಾದ ಔಷಧಿಯಿರುವ ಶಾಂಪೂವನ್ನು ಕೆಲವು ನಿಮಿಷ ನೆತ್ತಿಯಲ್ಲಿ ನಿಲ್ಲಿಸಿ ತೊಳೆಯಬೇಕು, ಅದು ಮರಳಿ ಬರುವ ಸ್ವಭಾವದ್ದೆಂದು ತಿಳಿದಿರಬೇಕು, ನಾಚಿಕೆಪಡಬೇಕಾದ ಕಾರಣವಿಲ್ಲ. ಮಕ್ಕಳ ತಲೆಯಲ್ಲಿ ಹೊಟ್ಟಿನೊಡನೆ ಕೂದಲು ಮುರಿದು ಬೋಳು ಮಚ್ಚೆ ಬಿದ್ದರೆ ಅದು ಹುಳುಕಡ್ಡಿಯಾಗಿರಬಹುದು, ಬಾಯಿಯ ಮೂಲಕ ಔಷಧ ಕೊಡಬೇಕಾಗುತ್ತದೆ. ಬಾಯಿಯ ಮೂಲೆ ಬಿರಿದು, ನಾಲಗೆ ಕೆಂಪಾಗಿ, ಕಣ್ಣಿನ ಒಳರೆಪ್ಪೆ ಬಿಳಿಚಿ, ಏದುಸಿರು ಬರುತ್ತಿದ್ದರೆ ಆಗ ಊಟದ ವಿಚಾರವನ್ನೂ ರಕ್ತಪರೀಕ್ಷೆಯನ್ನೂ ತಡಮಾಡದೆ ನೋಡಬೇಕು. ಎಷ್ಟು ತೊಳೆದರೂ ಹೋಗದ ಉಗ್ರವಾದ ಹೊಟ್ಟನ್ನು ವೈದ್ಯರಿಗೆ ತೋರಿಸಬೇಕು. ಬೇರೆ ವ್ಯಾಧಿಗಳು ಅದರ ಹಿಂದೆ ಅಡಗಿರುವುದುಂಟು.

ಒಳ್ಳೆಯ ಊಟದ ಪರವಾಗಿ ವಾದಿಸಲು ತಲೆಹೊಟ್ಟಿನ ಸಾಕ್ಷ್ಯ ಬೇಕಾಗಿಲ್ಲ. ರೊಟ್ಟಿಯ ಸಂಗಡ ಕಾಳು, ಸೊಪ್ಪು, ಮಜ್ಜಿಗೆ ಇರಬೇಕೆಂಬುದಕ್ಕೆ ಅರ್ಧದಷ್ಟು ಹೆಂಗಸರ ರಕ್ತಹೀನತೆಯೇ ಸಾಕಾದ ಕಾರಣ. ಬಲವಾದ ಕಾರಣವಿರುವ ಕಾರ್ಯಕ್ಕೆ ದುರ್ಬಲವಾದ ಕಾರಣವನ್ನು ಒಡ್ಡಿದರೆ, ಗುಳಿಗೆಯಿಂದ ಹೊಟ್ಟು ಹೋಗದಿದ್ದ ದಿನ ಜನರು ಊಟದ ಉಪದೇಶವನ್ನೂ ಅದರೊಡನೆ ತೂರಿಬಿಟ್ಟಾರೆಂಬುದೇ ನಮ್ಮ ಆತಂಕ.