ನಿಶ್ಶಸ್ತ್ರ ವೀರರ ಸ್ತಂಭ

ಸಮೀಪಕಾಲದ ಹೋರಾಟವನ್ನು ಕಲೆಗೆ ವಸ್ತುವಾಗಿ ಆರಿಸಿಕೊಂಡರೆ ರಸವು ಬತ್ತಿ ಉಪದೇಶವೊಂದೇ ಉಳಿಯುವುದೆಂದು ಹೇಳುವ ಪಂಡಿತರುಂಟು. ಈ ಮಾತನ್ನು ಪರೀಕ್ಷಿಸುವುದಕ್ಕೆ ಕೆನಡಾ ದೇಶದ ಪಶ್ಚಿಮ ತೀರದಾಚೆಗಿರುವ ಹೈಡಾ ಗ್ವಾಯ್ ದ್ವೀಪಗಳ ಸ್ತಂಭವೊಂದು ತಕ್ಕ ನಿದರ್ಶನವಾಗಿದೆ. ಹೈಡಾ ಜನಾಂಗದ ಶಿಲ್ಪಿ ಜಾಲೆನ್ ಎಡೆನ್‌ಶಾ ಅವರ ಕಲ್ಪನೆಯಂತೆ ಕೆಂಪು ಸೀಡರ್ ಮರದಲ್ಲಿ ಕೆತ್ತಿದ, 42 ಅಡಿ ಎತ್ತರದ ಈ ಸ್ತಂಭವನ್ನು 2013ನೆಯ ಇಸವಿಯ ಆಗಸ್ಟಿನಲ್ಲಿ ಲಯಲ್ ದ್ವೀಪದಲ್ಲಿ ನಿಲ್ಲಿಸಿದರು.

ಇದರ ಪೂರ್ವಕಥೆಯನ್ನು ವಾಚಕರು ತಿಳಿದಿರಬೇಕು. 1985ರಲ್ಲಿ ಇದೇ ದ್ವೀಪದ ಪ್ರಾಚೀನ ವೃಕ್ಷಗಳನ್ನು ಕಡಿಯಬಂದವರ ದಾರಿಗೆ ಹೈಡಾ ಜನರು ನಿರಾಯುಧರಾಗಿ ಅಡ್ಡನಿಂತರು. ವೃದ್ಧರು ತಾವೇ ಮೊದಲು ಸೆರೆಯಾಗುವೆವೆಂದು ಮುಂದೆ ಬಂದರು. ಒಟ್ಟು 72 ಮಂದಿ ಬಂಧಿತರಾದರು. 1993ರಲ್ಲಿ ಕೆನಡಾ ಸರಕಾರಕ್ಕೂ ಹೈಡಾ ಜನರಿಗೂ ಒಡಂಬಡಿಕೆಯಾಯಿತು. ಭೂಮಿಯ ಒಡೆತನದ ವಿಷಯದಲ್ಲಿ ತಮ್ಮ ಅಭಿಪ್ರಾಯಗಳು ಭಿನ್ನವೆಂಬುದನ್ನು ಉಭಯಪಕ್ಷಗಳೂ ಅದರಲ್ಲಿಯೇ ಬರೆದಿಟ್ಟು, ರಕ್ಷಣೆಯ ಭಾರವನ್ನು ಮಾತ್ರ ಕೂಡಿ ಹೊತ್ತುಕೊಂಡರು. ಅದರ ಇಪ್ಪತ್ತನೆಯ ವರ್ಷದ ಸ್ಮಾರಕವೇ ಈ ಸ್ತಂಭ.

ತಳದಲ್ಲಿ ಕಡಲ ಮೀನು, ತುದಿಯಲ್ಲಿ ಹದ್ದು. ನಡುವಣ ಆಕೃತಿಗಳಲ್ಲಿ ಒತ್ತಾಗಿ ನಿಂತ ಐವರು ಮನುಷ್ಯರು. 1985ರ ಕಥೆಯನ್ನು ಶಿಲ್ಪಿಯು ಇವರ ನಿಲುವಿನಲ್ಲಿಯೇ ಅಡಗಿಸಿರುವರು. ಕೊಡಲಿಯನ್ನೂ ಸೆರೆಯನ್ನೂ ತೋರಿಸಿ ನೋಡುವವರ ರೋಷವನ್ನು ಕೆರಳಿಸುವುದು ಸುಲಭವಾಗಿತ್ತು. ಹಾಗೆ ಮಾಡಿದ್ದರೆ ಕ್ರೋಧವು ಸ್ಥಾಯಿಯಾಗಿ ಕೃತಿಯು ರೌದ್ರಕ್ಕೆ ಇಳಿಯುತ್ತಿತ್ತು. ಇಲ್ಲಿ ಸ್ಥಾಯಿಯು ಉತ್ಸಾಹ. ಆಲಂಕಾರಿಕರು ಯುದ್ಧವೀರನಿಂದ ಬೇರೆಯಾಗಿ ಎಣಿಸಿದ ಧರ್ಮವೀರನಿಗೆ ಇದಕ್ಕಿಂತ ಸ್ಪಷ್ಟವಾದ ರೂಪವನ್ನು ನಾನು ಕಂಡಿಲ್ಲ. ಮನುಷ್ಯರನ್ನು ತುದಿಗೇರಿಸದೆ ಪ್ರಾಣಿಗಳ ನಡುವೆ ಇರಿಸಿದುದೂ ಉಚಿತವಾಗಿದೆ. ಕಾಡನ್ನು ಕಾದವರು ಆ ಕಾಡಿನವರೇ ಎಂಬ ಅರ್ಥವು ಅದರಿಂದ ಧ್ವನಿತವಾಗುತ್ತದೆ.

ಮರಗಳನ್ನು ಉಳಿಸಿದುದರ ನೆನಪಿಗೆ ಮರವನ್ನೇ ಕೆತ್ತಬಹುದೆ ಎಂದು ಕೆಲವರು ಆಕ್ಷೇಪಿಸಬಹುದು. ಮನೆ, ದೋಣಿ, ಸ್ತಂಭ ಇವೆಲ್ಲಕ್ಕೂ ಹೈಡಾ ಜನರು ಹಿಂದಿನಿಂದ ಸೀಡರನ್ನೇ ನಂಬಿದವರು. ಅವರು ತಡೆದದ್ದು ಬೆಟ್ಟಗಳನ್ನೇ ಬೋಳುಮಾಡುವ ಕಡಿತವನ್ನು. ಆದುದರಿಂದ ಈ ಆಕ್ಷೇಪವು ನಿಲ್ಲದು.

ನ್ಯೂನತೆಯೊಂದನ್ನು ಹೇಳಲೇಬೇಕು. ಕಥೆಯನ್ನರಿಯದವನಿಗೆ ಆ ಐವರು ಬರಿಯ ಐವರಾಗಿಯೇ ಕಾಣುವರು. ಸ್ತಂಭವು ತನ್ನ ಕಥೆಯನ್ನು ತಾನೇ ಹೇಳಲಾರದು. ಹೇಳುವ ಹಿರಿಯರೂ ಕೇಳುವ ಕಿರಿಯರೂ ಅದರ ಬುಡದಲ್ಲಿ ಇರಬೇಕು. ದೂರದಿಂದ ಚಿತ್ರಗಳಲ್ಲಿ ಮಾತ್ರ ನೋಡುವ ನಮಗೆ ರಸವು ಅರ್ಧವೇ ದೊರೆಯುವುದು. ಆದರೂ ಆ ಅರ್ಧದಿಂದಲೇ ಮೇಲೆ ಹೇಳಿದ ಪಂಡಿತರ ಮಾತು ಸುಳ್ಳಾಗುತ್ತದೆ.