ರೇಖೆಯೂ ಪಾತ್ರವೂ: ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಓದುವ ಬಗೆ

ಮಾಧ್ಯಮಗಳ ಅಧ್ಯಯನವು ಈಚಿನ ವರ್ಷಗಳಲ್ಲಿ ನಮ್ಮ ಕಾಲೇಜುಗಳ ಪಾಠಪಟ್ಟಿಯಲ್ಲಿ ಸ್ಥಾನ ಪಡೆದಿದೆ. ಪ್ರೌಢಶಾಲೆಯ ಮಕ್ಕಳೂ ಭಾಷಾಪಾಠದ ನಡುವೆ ತಾವು ಕಂಡ ಧಾರಾವಾಹಿಯನ್ನು ಕುರಿತು ಬರೆಯುವುದುಂಟು. ಇದು ಸಂತೋಷದ ವಿಷಯವೇ ಸರಿ. ಆದರೆ ಅಲ್ಲಿ ರೂಢಿಗೆ ಬಂದಿರುವ ಒಂದು ಕ್ರಮವು ನಮಗೆ ಸರಿತೋರುವುದಿಲ್ಲ. ಮೊದಲನೆಯ ಪ್ರಶ್ನೆ, ಮುಖ್ಯಪಾತ್ರದ ಸ್ವಭಾವವನ್ನು ವಿವರಿಸಿರಿ ಎಂಬುದು. ಎರಡನೆಯದು, ಇದರಲ್ಲಿನ ಗ್ರಾಫಿಕ್ ವಿನ್ಯಾಸದ ಅಂಶಗಳನ್ನು ಪಟ್ಟಿಮಾಡಿರಿ ಎಂಬುದು. ಮೊದಲನೆಯದಕ್ಕೆ ಧೈರ್ಯಶಾಲಿ, ದಯಾಳು, ಸತ್ಯಸಂಧ ಎಂಬ ವಿಶೇಷಣಗಳ ಸಾಲು ಉತ್ತರವಾಗಿ ಬರುತ್ತದೆ. ಎರಡನೆಯದಕ್ಕೆ ಬಣ್ಣ, ಅಕ್ಷರ, ಗೆರೆ, ಚೌಕಟ್ಟು ಎಂಬ ಇನ್ನೊಂದು ಸಾಲು. ಈ ಎರಡು ಸಾಲುಗಳು ರೈಲಿನ ಕಂಬಿಗಳಂತೆ ಜೊತೆಯಾಗಿ ಓಡುತ್ತವೆಯೇ ಹೊರತು ಎಲ್ಲಿಯೂ ಕೂಡುವುದಿಲ್ಲ.

ತೆರೆಯ ಮೇಲಿನ ಪಾತ್ರವು ಮಾತಿನಿಂದ ಎಷ್ಟು ಆದದ್ದೋ ಗೆರೆಯಿಂದಲೂ ಅಷ್ಟೇ ಆದದ್ದು. ಒಂದನ್ನು ಬಿಟ್ಟು ಇನ್ನೊಂದನ್ನು ಓದಹೊರಟರೆ ಎರಡೂ ಕೈತಪ್ಪುತ್ತವೆ. ಇದನ್ನು ಒಂದು ನಿದರ್ಶನದ ಮೂಲಕ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ದಿವಂಗತ ಶಂಕರ್ ನಾಗ್ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಆರಿಸಿಕೊಂಡಿದ್ದೇವೆ. ಶ್ರೀ ಆರ್.ಕೆ. ನಾರಾಯಣ್ ಅವರ ಕಥೆ ಕಾದಂಬರಿಗಳನ್ನು ಆಧರಿಸಿ, ಟಿ.ಎಸ್. ನರಸಿಂಹನ್ ಅವರ ನಿರ್ಮಾಣದಲ್ಲಿ, 1986-87ರ ಸುಮಾರಿಗೆ ದೂರದರ್ಶನಕ್ಕೆಂದು ಸಿದ್ಧವಾದ ಈ ಮಾಲೆಯಲ್ಲಿ 39 ಕಂತುಗಳಿದ್ದವು. ನಾರಾಯಣರ ತಮ್ಮಂದಿರಾದ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು ಶೀರ್ಷಿಕೆಗಳ ಜೊತೆಗೆ ಬರುತ್ತಿದ್ದವು, ಎಲ್. ವೈದ್ಯನಾಥನ್ ಅವರ ಸಂಗೀತವಿತ್ತು. ಕಥೆ ಬರೆದವರು ಅಣ್ಣ, ಗೆರೆ ಎಳೆದವರು ತಮ್ಮ. ಪಾತ್ರಕ್ಕೂ ವಿನ್ಯಾಸಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸಲು ಇದಕ್ಕಿಂತ ಅನುಕೂಲವಾದ ಕೃತಿ ಸುಲಭವಾಗಿ ಸಿಕ್ಕದು.

ಗ್ರಾಫಿಕ್ ವಿನ್ಯಾಸವೆಂಬ ಮಾತು ಹೊಸದು, ಸಂಗತಿ ಹಳೆಯದು. ಗೆರೆ, ಬಣ್ಣ, ಅಕ್ಷರದ ಆಕಾರ, ಬರಿದಾಗಿ ಬಿಟ್ಟ ಜಾಗ, ಇವುಗಳನ್ನು ಕಣ್ಣಿಗೆ ಅರ್ಥವಾಗುವಂತೆ ಜೋಡಿಸುವ ಕ್ರಮಕ್ಕೆ ಈ ಹೆಸರು. ಕುಂಬಳೆಯ ಪಾರ್ತಿಸುಬ್ಬನ ನಾಡಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತೆಂಕುತಿಟ್ಟಿನ ಬಣ್ಣದ ವೇಷವು ಮುಖಕ್ಕೆ ಚುಟ್ಟಿ ಇಟ್ಟುಕೊಂಡು ರಂಗಸ್ಥಳಕ್ಕೆ ಬಂದಾಗ, ಅದು ಬಾಯಿ ತೆರೆಯುವ ಮೊದಲೇ ರಾಕ್ಷಸನೆಂದು ಮಕ್ಕಳಿಗೂ ತಿಳಿಯುತ್ತದೆ. ಪುಂಡುವೇಷದ ಚುರುಕು, ಹಾಸ್ಯಗಾರನ ಸಡಿಲ ಉಡುಪು, ಒಂದೊಂದೂ ಒಂದೊಂದು ಲಿಪಿ. ವೇಷವನ್ನು ಬಿಟ್ಟು ಪಾತ್ರವನ್ನು ವಿವರಿಸು ಎಂದರೆ ಯಕ್ಷಗಾನದ ಪ್ರೇಕ್ಷಕನು ನಕ್ಕಾನು. ದೂರದರ್ಶನದ ಮುಂದೆ ಕುಳಿತೊಡನೆ ಈ ಜ್ಞಾನವನ್ನು ಮರೆಯಬೇಕಾದ ಕಾರಣವಿಲ್ಲ.

ಈಗ ಲಕ್ಷ್ಮಣರ ಗೆರೆಯನ್ನು ನೋಡೋಣ. 1951ರಿಂದ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಕಾಣಿಸಿಕೊಂಡ ಅವರ ಶ್ರೀಸಾಮಾನ್ಯನನ್ನು ಎಲ್ಲರೂ ಬಲ್ಲರು: ಚೌಕುಳಿಯ ಕೋಟು, ಧೋತ್ರ, ಕನ್ನಡಕ, ಬೋಳುತಲೆಯ ಇಕ್ಕೆಲದಲ್ಲಿ ಒಂದಿಷ್ಟು ಕೂದಲು. ಅವನು ಮಾತಾಡುವುದಿಲ್ಲ, ಆದರೂ ಅವನಿಗೆ ಸ್ವಭಾವವಿಲ್ಲವೆಂದು ಯಾರೂ ಹೇಳಲಾರರು. ಕುಂಚದ ದಪ್ಪ ಕಪ್ಪು ಗೆರೆ ಬೇಕಾದ ಕಡೆ ಗಟ್ಟಿಯಾಗಿ ನಿಂತು, ಬೇಡವಾದ ಕಡೆ ಸುಮ್ಮನೆ ಬಿಟ್ಟುಹೋಗುತ್ತದೆ. ಬಿಟ್ಟ ಜಾಗವನ್ನು ತುಂಬುವ ಕೆಲಸ ನೋಡುವವನದು. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದದ್ದು, ಹೇಳದೆ ಉಳಿಸಿದ್ದರಿಂದ ಹೊರಡುವ ಅರ್ಥವನ್ನಲ್ಲವೆ? ಗೆರೆಯಲ್ಲೂ ಅಂಥ ಧ್ವನಿಯುಂಟು.

ಅಣ್ಣನ ಗದ್ಯವೂ ಇದೇ ಜಾತಿಯದು. 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ರಾಜಮ್ ತರಗತಿಗೆ ಬಂದಾಗ ನಾರಾಯಣರು ಅವನ ಗುಣಗಳನ್ನು ವರ್ಣಿಸುತ್ತ ಕೂರುವುದಿಲ್ಲ. ಅವನ ಕಾಲಲ್ಲಿ ಕಾಲುಚೀಲವೂ ಬೂಟೂ ಇವೆ. ತರಗತಿಯಲ್ಲಿ ಬೇರೆ ಯಾರಿಗೂ ಇಲ್ಲ. ಅಷ್ಟೇ ಸಾಕು: ಪೋಲಿಸ್ ಅಧಿಕಾರಿಯ ಮಗ, ಅವನ ಗತ್ತು, ಉಳಿದ ಹುಡುಗರ ಬೆರಗು ಎಲ್ಲವೂ ಬಂದುಬಿಟ್ಟವು. ಮಣಿಯ ಪಾಲಿಗೆ ಅವನ ದೊಣ್ಣೆ ಹಾಗೆ. ಸ್ವಾಮಿಗೆ ತಂದೆ ಲೆಕ್ಕ ಕೊಡುವ ಪ್ರಸಂಗವನ್ನು ಯಾವ ಉಪಾಧ್ಯಾಯನು ಮರೆತಾನು? ರಾಮನ ಬಳಿ ಹತ್ತು ಮಾವಿನಹಣ್ಣು, ಅವನಿಗೆ ಹದಿನೈದು ಆಣೆ ಬರಬೇಕು. ಕೃಷ್ಣನಿಗೆ ಬೇಕಾದದ್ದು ನಾಲ್ಕು. ತಂದೆಯ ಕಣ್ಣಿಗೆ ಇದು ತ್ರೈರಾಶಿ. ಸ್ವಾಮಿಗಾದರೋ ಆ ಮಾವು ಹಣ್ಣಾಗಿದೆಯೋ ಕಾಯಿಯೋ ಎಂಬುದೇ ಮೊದಲ ಚಿಂತೆ. ಎರಡು ಪಾತ್ರಗಳು ಒಂದೇ ಗೆರೆಯಲ್ಲಿ ಮೂಡಿ ನಿಂತವು.

ಇಂಥ ಬರವಣಿಗೆಯನ್ನು ಅಭಿನಯಕ್ಕೆ ತರುವಾಗ ಎರಡು ಅಪಾಯಗಳಿವೆ. ನಟನು ಬಿಟ್ಟ ಜಾಗವನ್ನೆಲ್ಲ ತುಂಬಿಬಿಡಬಹುದು. ಇಲ್ಲವೆ ಅದನ್ನು ಬರಿದಾಗಿಯೇ ಉಳಿಸಿ ಪಾತ್ರವನ್ನು ನಿರ್ಜೀವಗೊಳಿಸಬಹುದು. ಶಂಕರ್ ನಾಗರ ಹೆಚ್ಚಳವೆಂದರೆ, ಅವರು ತಮ್ಮ ನಟರನ್ನು ಲಕ್ಷ್ಮಣರ ಗೆರೆಯ ಹದಕ್ಕೆ ತಂದದ್ದು. ಸ್ವಾಮಿಯಾಗಿ ಬಂದ ಮಾಸ್ಟರ್ ಮಂಜುನಾಥನ ಮುಖದಲ್ಲಿ ಆಸೆ, ಭಯ, ಸುಳ್ಳು ಹೇಳುವ ಮೊದಲಿನ ಒಂದು ಕ್ಷಣದ ಅಳುಕು, ಇವು ಒಂದಾದ ಮೇಲೊಂದು ತೆಳುವಾಗಿ ಹಾದುಹೋಗುತ್ತವೆ, ಯಾವುದೂ ಅತಿಯಾಗುವುದಿಲ್ಲ. ತಂದೆಯ ಪಾತ್ರದ ಗಿರೀಶ ಕಾರ್ನಾಡರಲ್ಲಿ ಅಧಿಕಾರವು ಕೂಗಿನಲ್ಲಿಲ್ಲ, ನಿಲುವಿನಲ್ಲಿದೆ. ತಾಯಿಯಾದ ವೈಶಾಲಿ ಕಾಸರವಳ್ಳಿಯವರ ಮೃದುತನ ಆ ಅಧಿಕಾರದ ಪಕ್ಕದಲ್ಲಿ ಬಿಳಿಯ ಜಾಗದಂತೆ ಇದೆ; ಕಪ್ಪು ಗೆರೆ ಎದ್ದುಕಾಣುವುದು ಅದರಿಂದಲೇ. ಸ್ವಾಮಿಯ ತಂದೆ ಶಿಸ್ತಿನ ಮನುಷ್ಯ ಎಂದು ಬರೆದ ವಿದ್ಯಾರ್ಥಿಗೆ ಅಂಕ ಕೊಡಬಹುದು. ಆ ಶಿಸ್ತು ಅವರು ನಿಂತ ರೀತಿಯಲ್ಲಿ, ಮಗನಿಗೂ ಅವರಿಗೂ ನಡುವೆ ಉಳಿದ ಅಂತರದಲ್ಲಿ ಕಾಣುತ್ತದೆ ಎಂದು ಬರೆದವನಾದರೋ ಧಾರಾವಾಹಿಯನ್ನು ನಿಜವಾಗಿ ಓದಿದವನು.

ಇಷ್ಟು ಮೆಚ್ಚುಗೆ ಹೇಳಿದ ಮೇಲೆ, ಗೆರೆಗೂ ಕ್ಯಾಮೆರಾಕ್ಕೂ ಜಗಳವಾಗುವ ಒಂದು ಎಡೆಯನ್ನೂ ಹೇಳತಕ್ಕದ್ದು ವಿಮರ್ಶಕನ ಧರ್ಮ. ಮಾಲ್ಗುಡಿಯು ಯಾವ ನಕ್ಷೆಯಲ್ಲಿಯೂ ಇಲ್ಲದ ಊರು. ಸರಯೂ ನದಿ, ಮೆಂಪಿ ಬೆಟ್ಟ, ಮಾರ್ಕೆಟ್ ರಸ್ತೆ, ಇವೆಲ್ಲ ನಾರಾಯಣರ ಕಲ್ಪನೆ. ಕೆಲವೇ ಗೆರೆಗಳ ಊರನ್ನು ಓದುವವನು ತನ್ನ ಊರಿನಿಂದ ತುಂಬಿಕೊಳ್ಳುತ್ತಾನೆ. ಕ್ಯಾಮೆರಾಕ್ಕೆ ಈ ಸಂಯಮ ಸಾಧ್ಯವಿಲ್ಲ. ಅದು ಮನೆ ತೋರಿಸಿದರೆ ಹೆಂಚನ್ನೂ ತೋರಿಸಲೇಬೇಕು. ಶಂಕರ್ ನಾಗರು ಆರಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಆಗುಂಬೆಯನ್ನು. ಆದಕಾರಣ ಮಾಲ್ಗುಡಿಗೆ ಕೆಂಪು ಹೆಂಚಿನ ಮಾಡು, ಮರದ ಕಂಬಗಳ ದೊಡ್ಡಮನೆ, ಮಳೆ ನೆನೆದ ಹಸುರು ಬಂದವು. ಇದು ಲಾಭವೇ ನಷ್ಟವೇ?

ಹೋಲಿಕೆಗೆ ಒಂದು ಹಳೆಯ ಪ್ರಸಂಗವಿದೆ. ನಾರಾಯಣರ ‘ದಿ ಗೈಡ್’ 1965ರಲ್ಲಿ ಹಿಂದಿ ಚಲನಚಿತ್ರವಾಗಿ ಬಂದಿತು. ಚಿತ್ರ ತಯಾರಿಸಿದವರಿಗೆ ನಾರಾಯಣರು ಮೈಸೂರಿನ ಸುತ್ತಣ ಸ್ಥಳಗಳನ್ನು ತೋರಿಸಿದ್ದರು. ಆದರೆ ಕಥೆ ರಾಜಸ್ಥಾನದ ಅರಮನೆ ಮರುಭೂಮಿಗಳಿಗೆ ಹೋಯಿತು. ಅದರ ಬಗೆಗೆ ಅವರು ತಮ್ಮ ಅಸಮಾಧಾನವನ್ನು ಒಂದು ಪ್ರಬಂಧದಲ್ಲಿ ವಿನೋದವಾಗಿ ತೋಡಿಕೊಂಡಿದ್ದಾರೆ. ಅಲ್ಲಿ ಸ್ಥಳದ ವೈಭವವು ಪಾತ್ರಗಳ ಸಣ್ಣತನವನ್ನು, ಎಂದರೆ ಅವರ ಮನುಷ್ಯತ್ವವನ್ನು, ನುಂಗಿತು. ಆಗುಂಬೆ ಹಾಗೆ ಮಾಡಲಿಲ್ಲ. ನಾರಾಯಣರ ಊರಿಗಿಂತ ಅದು ಹೆಚ್ಚು ಹಸುರು, ಹೆಚ್ಚು ಒದ್ದೆ ಎಂಬುದು ನಿಜ. ಪೇಟೆಯ ಗಡಿಬಿಡಿ ಅಲ್ಲಿ ಕಡಮೆ ಎಂಬುದೂ ನಿಜ. ಆದರೆ ಅದು ಮನುಷ್ಯನ ಅಳತೆಯ ಊರು. ಜಗಲಿಯ ಮೇಲೆ ಕುಳಿತವನು ಅಲ್ಲಿ ಚಿಕ್ಕವನಾಗಿ ಕಾಣುವುದಿಲ್ಲ. ಔಚಿತ್ಯವೆಂದರೆ ಮೂಲದಂತೆಯೇ ಇರುವುದಲ್ಲ, ಪಾತ್ರಕ್ಕೆ ಸಲ್ಲುವಂತೆ ಇರುವುದು. ಈ ಅಳತೆಗೋಲಿನಿಂದ ನೋಡಿದರೆ ಲಾಭವೇ ಹೆಚ್ಚೆಂದು ನಮ್ಮ ಅಭಿಪ್ರಾಯ. ಧಾರಾವಾಹಿಗೆ ಬಳಸಲಾದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವು 2020ರಲ್ಲಿ ಮಾಲ್ಗುಡಿ ಹೆಸರಿನ ವಸ್ತುಸಂಗ್ರಹಾಲಯವಾಯಿತು. ಕಲ್ಪನೆಯ ಊರಿಗೆ ಕನ್ನಡ ನೆಲದಲ್ಲಿ ಹೀಗೊಂದು ವಿಳಾಸ ದೊರೆಯಿತು.

ವಿನ್ಯಾಸವು ಪಾತ್ರವನ್ನು ಪೋಷಿಸುವುದಕ್ಕೆ ಬದಲು ಅದನ್ನು ತಿಂದುಹಾಕುವುದೂ ಉಂಟು. 2001ರಿಂದ 2008ರವರೆಗೆ ನಡೆದ ‘ಕಸೌಟಿ ಜಿಂದಗೀ ಕೀ’ ಎಂಬ ಹಿಂದಿ ಧಾರಾವಾಹಿಯ ಕೊಮೋಲಿಕಾ ಪಾತ್ರವನ್ನು ನೆನೆಯಬಹುದು. ಊರ್ವಶಿ ಢೋಲಕಿಯಾ ಅವರ ಆ ಪಾತ್ರಕ್ಕೆ ಹಣೆಯ ಚಿತ್ತಾರದ ಬೊಟ್ಟು, ಮೂಗುತಿ, ಬಂದಾಗಲೆಲ್ಲ ಮೊಳಗುವ ತನ್ನದೇ ರಾಗ ಇದ್ದವು. ಇದೂ ಬಣ್ಣದ ವೇಷವೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಅಹುದು, ಜಾತಿ ಅದೇ. ಆದರೆ ಯಕ್ಷಗಾನದ ರಾಕ್ಷಸನು ವೇಷದ ಹಿಂದಿನಿಂದ ಅರ್ಥಗಾರಿಕೆಯಲ್ಲಿ ವಾದಿಸುತ್ತಾನೆ, ತನ್ನ ಪಕ್ಷವನ್ನು ಸಮರ್ಥಿಸಿಕೊಳ್ಳುತ್ತಾನೆ, ಕೆಲವೊಮ್ಮೆ ನಾಯಕನನ್ನೇ ಪೇಚಿಗೆ ಸಿಕ್ಕಿಸುತ್ತಾನೆ. ಇಂಥ ಧಾರಾವಾಹಿಗಳಲ್ಲಿ ಬೊಟ್ಟು ಕಂಡೊಡನೆ ತೀರ್ಪು ಮುಗಿದಿರುತ್ತದೆ. ಪಾತ್ರಕ್ಕೆ ಹೇಳಿಕೊಳ್ಳಲು ಏನೂ ಉಳಿದಿರುವುದಿಲ್ಲ. ಚಿಹ್ನೆಯು ಪಾತ್ರದ ಬಾಗಿಲಾಗಬೇಕು, ಬೀಗವಾಗಬಾರದು.

ಇನ್ನು ಅಕ್ಷರದ ವಿಚಾರ. ನಾರಾಯಣರ ‘ಲಾಲೀ ರೋಡ್’ ಎಂಬ ಸಣ್ಣಕಥೆಯಲ್ಲಿ ಸ್ವಾತಂತ್ರ್ಯ ಬಂದ ಉತ್ಸಾಹದಲ್ಲಿ ಮಾಲ್ಗುಡಿಯ ಪುರಸಭೆಯು ಬೀದಿಗಳ ಹೆಸರುಗಳನ್ನೆಲ್ಲ ಬದಲಾಯಿಸುತ್ತದೆ. ಹಲವರು ತಮ್ಮ ಬೀದಿಗೆ ಗಾಂಧೀಜಿಯ ಹೆಸರನ್ನೇ ಬಯಸುತ್ತಾರೆ. ಕಾಗದಗಳು ಸೇರಬೇಕಾದಲ್ಲಿ ಸೇರುವುದಿಲ್ಲ. ಊರಿನವರಿಗೆ ಊರೇ ಗುರುತು ಸಿಗದಂತಾಗುತ್ತದೆ. ಫಲಕದ ಮೇಲಿನ ನಾಲ್ಕಕ್ಷರ ಅಲಂಕಾರವಲ್ಲ, ಅದು ಮನುಷ್ಯನನ್ನು ಅವನ ಮನೆಗೆ ಮುಟ್ಟಿಸುವ ಸಾಧನ ಎಂಬುದನ್ನು ಈ ಹಾಸ್ಯದ ಕಥೆಗಿಂತ ಚೆನ್ನಾಗಿ ಹೇಳುವುದು ಕಷ್ಟ. ಗಡಿನಾಡಿನ ವಾಚಕರು ಇದನ್ನು ನಗುತ್ತಲೇ ಓದಿಯಾರು, ಆದರೆ ಬರಿಯ ನಗೆಯಾಗಿ ಓದಲಾರರು.

ಇದೇ ಮಾತಿನ ಮುಂದುವರಿಕೆಯಾಗಿ ಒಂದು ಸಂಗತಿಯನ್ನು ಗಮನಿಸಬೇಕು. ‘ಮಾಲ್ಗುಡಿ ಡೇಸ್’ನ ನೆಲ ಕನ್ನಡದ್ದು, ನಿರ್ದೇಶಕರು ಕನ್ನಡಿಗರು, ನಟರಲ್ಲಿ ಅನೇಕರು ಕನ್ನಡ ರಂಗಭೂಮಿಯಿಂದ ಬಂದವರು, ಧಾರಾವಾಹಿಯ ಮಾತಾದರೋ ಹಿಂದಿ, ಇಂಗ್ಲಿಷ್. ದೇಶಕ್ಕೆಲ್ಲ ತಲುಪಬೇಕಾದ ಕೃತಿಗೆ ಇದು ಅನಿವಾರ್ಯವಾಗಿದ್ದಿರಬೇಕು, ನಾವು ದೂರುವುದಿಲ್ಲ. ಆದರೆ ಕಿವಿಗೆ ಕೇಳದ ಕನ್ನಡತನವು ಇಲ್ಲಿ ಕಣ್ಣಿಗೆ ಕಾಣುತ್ತದೆ: ಜಗಲಿಯಲ್ಲಿ, ಅಂಗಳದಲ್ಲಿ, ಕುಳಿತುಕೊಳ್ಳುವ ಭಂಗಿಯಲ್ಲಿ. ಪಾತ್ರವನ್ನು ಮಾತಿನಿಂದ ಮಾತ್ರ ಅಳೆಯುವ ವಿದ್ಯಾರ್ಥಿಗೆ ಸ್ವಾಮಿಯು ಹಿಂದಿಯ ಹುಡುಗ. ವಿನ್ಯಾಸವನ್ನೂ ಓದಬಲ್ಲವನಿಗೆ ಅವನು ಪಕ್ಕದ ಮನೆಯವನು. ನಾವು ಆರಂಭದಲ್ಲಿ ಹೇಳಿದ ಎರಡು ಪ್ರಶ್ನೆಗಳನ್ನು ಕೂಡಿಸದಿದ್ದರೆ ಆಗುವ ನಷ್ಟ ಇದೇ.

ಈ ಬಗೆಯ ಓದಿಗೆ ನಮ್ಮ ಪ್ರದೇಶಗಳ ಮಕ್ಕಳಲ್ಲಿ ವಿಶೇಷವಾದ ಸಿದ್ಧತೆಯಿದೆ ಎಂಬುದು ನಮ್ಮ ನಂಬಿಕೆ. ಕಾಸರಗೋಡಿನ ಮಗು ತಲೆಕಟ್ಟಿಲ್ಲದ ಮಲಯಾಳದ ಸುರುಳಿಗಳನ್ನು ದಿನವೂ ಕಾಣುತ್ತದೆ. ಅಕ್ಕಲಕೋಟೆಯ ಮಗು ತಲೆಯ ಮೇಲೆ ಅಡ್ಡಗೆರೆ ಹೊತ್ತ ದೇವನಾಗರಿಯನ್ನು ಕಾಣುತ್ತದೆ. ತಾಳವಾಡಿಯ ಮಗು ಮೂಲೆಮೂಲೆಯಾಗಿ ತಿರುಗುವ ತಮಿಳನ್ನೂ, ರಾಯದುರ್ಗದ ಮಗು ಕನ್ನಡದ ಒಡಹುಟ್ಟಿನಂತಿದ್ದರೂ ತಲೆಕಟ್ಟಿನಲ್ಲಿ ಬೇರೆಯಾಗುವ ತೆಲುಗನ್ನೂ ಬಲ್ಲದು. ಒಂದೇ ಲಿಪಿಯ ನಡುವೆ ಬೆಳೆದವನು ಅಕ್ಷರದ ಸದ್ದನ್ನಷ್ಟೇ ಕೇಳುತ್ತಾನೆ. ಎರಡು ಲಿಪಿಗಳ ನಡುವೆ ಬೆಳೆದವನು ಅಕ್ಷರದ ಆಕಾರವನ್ನೂ ನೋಡುತ್ತಾನೆ. ಗಡಿಯು ನಮಗೆ ಕೊಟ್ಟ ಕಷ್ಟಗಳ ನಡುವೆ ಈ ಕಣ್ಣನ್ನೂ ಕೊಟ್ಟಿದೆ. ಅದನ್ನು ಪಾಠಕ್ಕೆ ಬಳಸಿಕೊಳ್ಳದಿರುವುದು ಮನೆಯ ಹಿತ್ತಿಲ ಗಿಡವನ್ನು ಮದ್ದಲ್ಲವೆಂದು ಬಿಟ್ಟಂತೆ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮದೊಂದು ಸೂಚನೆ. ಒಂದು ಕಂತನ್ನು ಮೊದಲು ಧ್ವನಿಯಿಲ್ಲದೆ ತೋರಿಸಿ, ಯಾರು ಯಾರಿಗೆ ಅಂಜುತ್ತಾರೆ, ಯಾರಿಗೆ ಯಾರು ಬೇಕು ಎಂದು ಕೇಳಬೇಕು. ಬಳಿಕ ಶೀರ್ಷಿಕೆಯ ಒಂದು ಚಿತ್ರವನ್ನು ನಿಲ್ಲಿಸಿ, ಚಿತ್ರಕಾರನು ಏನನ್ನು ಬಿಟ್ಟಿದ್ದಾನೆ ಎಂದು ಹುಡುಕಿಸಬೇಕು. ಕೊನೆಗೆ ಧ್ವನಿಯೊಡನೆ ಮತ್ತೊಮ್ಮೆ ತೋರಿಸಿ, ಒಂದೇ ಪ್ರಶ್ನೆ ಕೊಡಬೇಕು: ಈ ಪಾತ್ರವನ್ನು ನೀನು ಯಾವ ಗೆರೆಯಿಂದ ಗುರುತಿಸಿದೆ? ಉತ್ತರವನ್ನು ಮಗು ತನ್ನ ಕನ್ನಡದಲ್ಲೇ ಬರೆಯಲಿ. ಧಾರಾವಾಹಿ ಹಿಂದಿಯದಾಗಲಿ, ಮಲಯಾಳದ್ದಾಗಲಿ, ಮರಾಠಿಯದಾಗಲಿ, ಅದನ್ನು ತೂಗಿ ಬೆಲೆ ಹೇಳುವ ಮಾತುಗಳು ಕನ್ನಡದಲ್ಲಿ ಹುಟ್ಟಬೇಕು. ಪರಭಾಷೆಯ ಕೃತಿಯನ್ನು ನಮ್ಮ ನುಡಿಯಲ್ಲಿ ವಿಚಾರಿಸಬಲ್ಲ ಮಗುವಿಗೆ ಆ ನುಡಿ ಮನೆಯೊಳಗಿನ ಮಾತಷ್ಟೇ ಆಗಿ ಉಳಿಯುವುದಿಲ್ಲ; ಅದು ವಿವೇಕದ ಭಾಷೆಯೂ ಆಗುತ್ತದೆ.