ಪಿಕಪ್ಪಿನ ನಾದ, ಪಿಕಪ್ಪಿನ ವಯಸ್ಸು

ಎಲೆಕ್ಟ್ರಿಕ್ ಬೇಸ್ ಗಿಟಾರಿನ ಮೂಲ ಪಿಕಪ್ಪನ್ನು ತೆಗೆದು, 1970ರ ದಶಕದಲ್ಲಿ ಬದಲಿ ಭಾಗವಾಗಿ ತಯಾರಾದ ಹಳೆಯ ಪಿಕಪ್ಪನ್ನು ಕೂರಿಸುವ ಪದ್ಧತಿಗೆ ವಾದಕರಲ್ಲೂ ವಾದ್ಯ ದುರಸ್ತಿ ಮಾಡುವವರಲ್ಲೂ ಸಾಕಷ್ಟು ಮನ್ನಣೆಯಿದೆ. ಆದರೆ ಈ ಪದ್ಧತಿಯ ಪರವಾಗಿ ಆಡುವ ಮಾತುಗಳಲ್ಲಿ ಎರಡು ವಾದಗಳು ಕಲಸಿಹೋಗಿವೆ. ಆ ಪಿಕಪ್ಪಿನ ರಚನೆಯೇ ಇಂಥ ನಾದವನ್ನು ಕೊಡುತ್ತದೆ ಎಂಬುದು ಒಂದು. ಅದು ಹಳೆಯದಾಗಿರುವುದರಿಂದ ಇಂಥ ನಾದ ಬರುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗಟ್ಟಿಯಾದ ಆಧಾರವಿದೆ, ಎರಡನೆಯದು ಬಹುಮಟ್ಟಿಗೆ ಮಾರುಕಟ್ಟೆ ಬೆಳೆಸಿದ ನಂಬಿಕೆ. ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸನ್ನೂ ಅದಕ್ಕೆಂದೇ ಡಿಮಾರ್ಜಿಯೊ ಕಂಪನಿ ರೂಪಿಸಿದ ಮಾಡೆಲ್ ಪಿ ಎಂಬ ಪಿಕಪ್ಪನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಇವೆರಡನ್ನೂ ಬಿಡಿಸಿಕೊಳ್ಳುವುದು ಕಷ್ಟವಲ್ಲ.

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿಗಿಂತ ಹೆಚ್ಚೇನೂ ದಪ್ಪವಿಲ್ಲದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗುತ್ತದೆ, ಆ ಅಲುಗಾಟದಿಂದ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟಿ ಆಂಪ್ಲಿಫೈಯರಿಗೆ ಹೋಗುತ್ತದೆ. ಲಿಯೊ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸಿಗೆ ಮೊದಲು ಇದ್ದುದು ಒಂದೇ ಸುರುಳಿ. 1957ರಲ್ಲಿ ಅದನ್ನು ಎರಡು ತುಂಡು ಮಾಡಿ, ದಪ್ಪ ತಂತಿಗಳೆರಡಕ್ಕೆ ಒಂದು, ತೆಳು ತಂತಿಗಳೆರಡಕ್ಕೆ ಇನ್ನೊಂದು ಎಂದು ಹಂಚಲಾಯಿತು. ಎರಡು ಸುರುಳಿಗಳ ಸುತ್ತುವ ದಿಕ್ಕೂ ಕಾಂತಧ್ರುವವೂ ಪರಸ್ಪರ ವಿರುದ್ಧವಾಗಿರುವುದರಿಂದ ಹೊರಗಿನ ವಿದ್ಯುತ್ ತಂತಿಗಳಿಂದ ನುಸುಳಿ ಒಂದರಲ್ಲಿ ಹುಟ್ಟುವ ಗುಂಯ್ ಸದ್ದನ್ನು ಇನ್ನೊಂದು ಅಳಿಸುತ್ತದೆ, ತಂತಿಯ ನಾದ ಮಾತ್ರ ಉಳಿಯುತ್ತದೆ. ಇದರಲ್ಲಿ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆಸಿದ ಆಲ್ನಿಕೊ ಎಂಬ ಮಿಶ್ರಲೋಹದ ಕಡ್ಡಿಗಳೇ ಅಯಸ್ಕಾಂತವೂ ಹೌದು, ತಂತಿಗೆ ಎದುರಾಗಿ ನಿಂತ ಧ್ರುವವೂ ಹೌದು. ಸುರುಳಿಯನ್ನು ನೇರವಾಗಿ ಅವುಗಳ ಮೇಲೆಯೇ ಸುತ್ತಿರುವುದರಿಂದ ಕಡ್ಡಿಯ ಎತ್ತರವನ್ನು ಬದಲಿಸುವಂತಿಲ್ಲ. ಬಲವಂತದಿಂದ ಒತ್ತಿದರೆ ಒಳಗಿನ ಎಳೆ ಕಡಿದು ಪಿಕಪ್ಪೇ ಮೂಕವಾಗುವ ಅಪಾಯವಿದೆ.

ಈ ವ್ಯವಸ್ಥೆ ಕೆಟ್ಟದ್ದಾಗಿತ್ತೆಂದು ಯಾರೂ ಹೇಳಲಾರರು. ಮೋಟೌನ್ ಸ್ಟುಡಿಯೊದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಬೇಸಿನಲ್ಲಿ, ನುಣುಪಾದ ಪಟ್ಟಿ ಸುತ್ತಿದ ಹಳೆಯ ತಂತಿಗಳಿಂದ, ಬಲಗೈಯ ಒಂದೇ ತೋರುಬೆರಳಿನಿಂದ ನುಡಿಸಿದ್ದು ಇದೇ ಬಗೆಯ ಪಿಕಪ್ಪಿನ ಮೂಲಕ. ಆದರೆ ಅರವತ್ತರ ದಶಕ ಮುಗಿಯುವ ಹೊತ್ತಿಗೆ ರಾಕ್ ಸಂಗೀತದ ವೇದಿಕೆಗಳು ದೊಡ್ಡದಾದವು, 300 ವ್ಯಾಟ್ ಶಕ್ತಿಯ ಆಂಪೆಗ್ ಎಸ್‌ವಿಟಿಯಂಥ ಆಂಪ್ಲಿಫೈಯರುಗಳು ಬಂದವು, ಎರಡು ಗಿಟಾರುಗಳ ಆರ್ಭಟದ ನಡುವೆ ಬೇಸಿನ ಮಂದ್ರಸ್ವರ ಅದುರುವಿಕೆಯಾಗಿ ಮೈಗೆ ತಟ್ಟಿದರೂ ಸ್ವರವಾಗಿ ಕಿವಿಗೆ ಕೇಳಿಸದಾಯಿತು. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೊ ಗಿಟಾರಿಗೆ ಬದಲಿ ಪಿಕಪ್ ಮಾಡಿ ಮಾರಲು ತೊಡಗಿ, ಆ ದಶಕದ ಉತ್ತರಾರ್ಧದಲ್ಲಿ ಬೇಸಿಗೂ ಅದನ್ನು ವಿಸ್ತರಿಸಿದ್ದು ಈ ಹಿನ್ನೆಲೆಯಲ್ಲಿ. ಅಂದರೆ ಮಾಡೆಲ್ ಪಿ ಹುಟ್ಟಿದ್ದು ಹಳೆಯ ನಾದವನ್ನು ಉಳಿಸುವುದಕ್ಕಲ್ಲ, ಸಾಲದೆಂದು ಕಂಡ ಹಳೆಯ ನಾದವನ್ನು ಮೀರುವುದಕ್ಕೆ. ಇಂದು ಅದೇ ಪಿಕಪ್ಪನ್ನು ಪುರಾತನದ ಹೆಸರಿನಲ್ಲಿ ಹುಡುಕಿ ಕೊಳ್ಳುವವರು ಈ ಸಂಗತಿಯನ್ನು ಮರೆತಂತಿದೆ.

ರಚನೆಯಲ್ಲಿನ ಭೇದ ಸಣ್ಣದಲ್ಲ. ಮಾಡೆಲ್ ಪಿ ಪಿಕಪ್ಪಿನಲ್ಲಿ ಆಲ್ನಿಕೊ ಕಡ್ಡಿಗಳ ಬದಲು ಸೆರಾಮಿಕ್ ಅಯಸ್ಕಾಂತವೂ, ಷಟ್ಕೋನದ ಕೀಲಿಯಿಂದ ತಿರುಗಿಸಿ ಏರಿಸಬಹುದಾದ, ಇಳಿಸಬಹುದಾದ ಧ್ರುವದ ತಿರುಪುಗಳೂ ಇವೆ. ಸುರುಳಿಯೊಳಗೆ ಕಬ್ಬಿಣದ ಅಂಶ ಹೆಚ್ಚಿದಂತೆ, ಸುತ್ತುಗಳು ಹೆಚ್ಚಿದಂತೆ, ಅದರ ಪ್ರೇರಕತೆ, ಎಂದರೆ ಬೇಗ ಬೇಗ ಬದಲಾಗುವ ವಿದ್ಯುತ್ತನ್ನು ತಡೆಯುವ ಗುಣ, ಏರುತ್ತದೆ. ಅದರಿಂದ ಪಿಕಪ್ಪು ಅತಿ ಹೆಚ್ಚು ಸ್ಪಂದಿಸುವ ಅನುನಾದದ ಬಿಂದು ತಾರಸ್ಥಾಯಿಯಿಂದ ಮಧ್ಯದ ಕಡೆಗೆ ಇಳಿಯುತ್ತದೆ. ಮಾಡೆಲ್ ಪಿಯ ನಾದ ಕಿವಿಗೆ ದಪ್ಪವಾಗಿ, ಮುನ್ನುಗ್ಗುವಂತೆ ಕೇಳುವುದಕ್ಕೆ ಕಾರಣ ಇದು. ಒರಟು ಸುತ್ತಿನ ತಂತಿ ಹಾಕಿ, ಮೀಟುಕಡ್ಡಿಯಿಂದ ನುಡಿಸಿ, ಆಂಪ್ಲಿಫೈಯರನ್ನು ತುಸು ಒಡೆದ ದನಿಗೆ ತಳ್ಳುವ ವಾದಕನಿಗೆ ಇದರಷ್ಟು ಒಪ್ಪುವ ಪಿಕಪ್ಪುಗಳು ಕಡಿಮೆ. ಜೇಮರ್ಸನ್ ಮಾರ್ಗದ ನುಣುಪು ತಂತಿಗೆ ಮಾತ್ರ ಇದು ಹೊಂದುವುದಿಲ್ಲ. ಆ ತಂತಿಯಲ್ಲಿ ಮೇಲ್ಸ್ವರಗಳು, ಎಂದರೆ ಮೂಲಸ್ವರದ ಜೊತೆಗೆ ಹುಟ್ಟುವ ಮೇಲಿನ ಸ್ವರಗಳು, ಮೊದಲೇ ವಿರಳ. ಅವನ್ನು ಇನ್ನಷ್ಟು ಅದುಮಿದರೆ ಉಳಿಯುವುದು ಬರೀ ಗೊಗ್ಗರು. ಇನ್ನೊಂದು ತೊಡಕೂ ಉಂಟು: ಪಿಕಪ್ಪಿನ ಕಸುವು ಹೆಚ್ಚಾಯಿತೆಂದು ವಾದ್ಯದ ವಾಲ್ಯೂಮ್ ಗುಂಡಿಯನ್ನು ಇಳಿಸಿದರೆ, ಉದ್ದನೆಯ ಕೇಬಲ್ಲಿನ ಧಾರಕತೆಯ, ಎಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಗುಣದ, ಜೊತೆ ಸೇರಿ ತಾರಸ್ಥಾಯಿ ಮತ್ತಷ್ಟು ಮಸುಕಾಗುತ್ತದೆ. ಇಂಥಲ್ಲಿ ಆಂಪ್ಲಿಫೈಯರಿನ ಕಡೆಯಲ್ಲಿಯೇ ಕಸುವನ್ನು ತಗ್ಗಿಸುವುದು ಜಾಣತನ.

ವಯಸ್ಸಿನ ವಾದಕ್ಕೆ ಬಂದರೆ, ಆಲ್ನಿಕೊ ಅಯಸ್ಕಾಂತ ವರ್ಷಗಳುರುಳಿದಂತೆ ತುಸು ಬಲಗುಂದುತ್ತದೆ, ಅದರಿಂದ ನಾದ ಮೃದುವಾಗುತ್ತದೆ ಎಂಬ ಮಾತಿಗೆ ಅಷ್ಟಿಷ್ಟು ಅರ್ಥವಿರಬಹುದು. ಬಲವಾದ ಬೇರೊಂದು ಕಾಂತದ ಸಹವಾಸ ಆದಾಗಲಂತೂ ಆಲ್ನಿಕೊ ಸೊರಗುವುದು ನಿಜ. ಸೆರಾಮಿಕ್ ಅಯಸ್ಕಾಂತ ಹಾಗಲ್ಲ, ಒಮ್ಮೆ ಪಡೆದ ಕಾಂತತ್ವವನ್ನು ಅದು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೀಗಿರುವಾಗ ಎಪ್ಪತ್ತರ ದಶಕದ ಮಾಡೆಲ್ ಪಿ ಪಿಕಪ್ಪಿಗೆ ಕಾಲವೇ ಮಾಧುರ್ಯ ತುಂಬಿತು ಎನ್ನುವುದು ಆಲ್ನಿಕೊ ಕುರಿತ ಮಾತನ್ನು ವಿಚಾರಿಸದೆ ಬೇರೆ ವಸ್ತುವಿಗೆ ಅಂಟಿಸಿದಂತೆ. ಮಾರಾಟಗಾರರು ಸಾಕ್ಷ್ಯವೆಂದು ಒಡ್ಡುವ ಮಲ್ಟಿಮೀಟರಿನ ಅಂಕಿಯೂ ಹೆಚ್ಚೇನನ್ನೂ ಹೇಳುವುದಿಲ್ಲ. ಅದು ತೋರಿಸುವುದು ತಾಮ್ರದ ಎಳೆಯ ರೋಧವನ್ನು ಮಾತ್ರ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಶೇಕಡಾ 0.4ರಷ್ಟು ಏರುವುದರಿಂದ, 15 ಡಿಗ್ರಿಯ ಕೋಣೆಯಲ್ಲಿ 10,000 ಓಮ್ ತೋರಿಸಿದ ಪಿಕಪ್ಪು 35 ಡಿಗ್ರಿಯ ಮಧ್ಯಾಹ್ನದಲ್ಲಿ 10,800ರ ಹತ್ತಿರ ತೋರಿಸುತ್ತದೆ, ನಾದ ಮಾತ್ರ ಅಷ್ಟು ಬದಲಾಗಿರುವುದಿಲ್ಲ. ಈ ಲೆಕ್ಕ ಗೊತ್ತಿಲ್ಲದವರು ಬೇಸಗೆಯಲ್ಲಿ ಅಳೆದ ಅಂಕಿಗೆ ಹೆಚ್ಚಿನ ಬೆಲೆ ತೆರುವುದೂ ಅಸಂಭವವಲ್ಲ!

ಪಿಕಪ್ ಬದಲಿಸಿದರೂ ಬದಲಾಗದ ಒಂದು ಅಂಶವಿದೆ, ಅದು ಪಿಕಪ್ ಕೂತಿರುವ ಜಾಗ. ತಂತಿಯ ಯಾವ ಬಿಂದುವಿನಲ್ಲಿ ಕಂಪನವನ್ನು ಹಿಡಿಯಲಾಗುತ್ತದೆ ಎಂಬುದರ ಮೇಲೆ ಯಾವ ಮೇಲ್ಸ್ವರ ಉಬ್ಬುತ್ತದೆ, ಯಾವುದು ಅಡಗುತ್ತದೆ ಎಂಬುದು ನಿರ್ಧಾರವಾಗುತ್ತದೆ. ಮಾಡೆಲ್ ಪಿ ಹಳೆಯ ಕುಳಿಯಲ್ಲೇ ಕೂರುವುದರಿಂದ ಪ್ರಿಸಿಷನ್ ಬೇಸಿನ ಮೂಲ ಚಹರೆ ಹಾಗೆಯೇ ಉಳಿಯುತ್ತದೆ. ಬೇಸ್ ವಾದಕ ಬಿಲ್ಲಿ ಶೀಹನ್ ತಮ್ಮ ಪ್ರಿಸಿಷನ್ ಬೇಸಿಗೆ ಮಾಡಿಕೊಂಡ ಮಾರ್ಪಾಡು ಬೇರೆಯ ಜಾತಿಯದು. ಅವರು ಕತ್ತಿನ ಬಳಿ ಮರವನ್ನು ಕೊರೆದು, ಗಿಬ್ಸನ್ ಇಬಿ-0 ಬೇಸಿನ ದೊಡ್ಡ ಪಿಕಪ್ಪನ್ನು ಹೆಚ್ಚುವರಿಯಾಗಿ ಕೂರಿಸಿ, ಎರಡೂ ಪಿಕಪ್ಪುಗಳ ದನಿಯನ್ನು ಬೇರೆ ಬೇರೆಯಾಗಿ ಹೊರಗೆ ತೆಗೆದರು. ಅದು ವಾದ್ಯದ ಸ್ವಭಾವವನ್ನೇ ಬದಲಿಸಿದ ಕೆಲಸ, ಹಿಂದಿರುಗಲಾಗದ ಕೆಲಸವೂ ಹೌದು. ಅದರ ಮುಂದೆ ಮಾಡೆಲ್ ಪಿ ಕೂರಿಸುವುದು ಸೌಮ್ಯವಾದ ಹಸ್ತಕ್ಷೇಪ. ಮೂಲ ಪಿಕಪ್ಪನ್ನು ಜೋಪಾನವಾಗಿ ಎತ್ತಿಟ್ಟರೆ ಎಂದಾದರೂ ಮರಳಿ ಹಾಕಬಹುದು. ಆದರೆ ಕಾರ್ಖಾನೆಯ ಬೆಸುಗೆ ಒಮ್ಮೆ ಬಿಚ್ಚಿದರೆ ಸಂಗ್ರಾಹಕರ ಲೆಕ್ಕದಲ್ಲಿ ವಾದ್ಯದ ಬೆಲೆ ಇಳಿಯುತ್ತದೆ, ಆದ್ದರಿಂದ ಐವತ್ತರ, ಅರವತ್ತರ ದಶಕದ ಬೇಸುಗಳ ಮೇಲೆ ಈ ಪ್ರಯೋಗ ಮಾಡುವುದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಜೋಡಣೆಯಲ್ಲಿ ಆಗುವ ತಪ್ಪುಗಳ ಪೈಕಿ ಒಂದು ವಿಶೇಷವಾಗಿ ಗಮನಾರ್ಹ. ಹಳೆಯ ಪಿಕಪ್ಪಿನ ಎರಡು ತುಂಡುಗಳ ನಡುವಿನ ಬೆಸುಗೆ ಬಿಚ್ಚಿದ್ದು, ಮತ್ತೆ ಹಾಕುವಾಗ ಒಂದು ತುಂಡಿನ ಎರಡು ಎಳೆಗಳು ಅದಲುಬದಲಾದರೆ, ಒಂದೊಂದೇ ಸ್ವರ ನುಡಿಸುವಾಗ ನಾದದಲ್ಲಿ ಏನೂ ಕೊರತೆ ಕಾಣುವುದಿಲ್ಲ. ಆದರೆ ಅಳಿಸಬೇಕಾಗಿದ್ದ ಗುಂಯ್ ಸದ್ದು ಈಗ ಎರಡೂ ಸುರುಳಿಗಳಿಂದ ಕೂಡಿಕೊಂಡು ಇಮ್ಮಡಿಸುತ್ತದೆ. ಪಿಕಪ್ಪು ಹಳೆಯದು, ಅದಕ್ಕೇ ಸದ್ದು ಎಂದುಕೊಂಡು ಇದನ್ನು ಸಹಿಸಿಕೊಳ್ಳುವವರಿದ್ದಾರೆ. ಎತ್ತರ ಹೊಂದಿಸುವ ಕೆಲಸ ಇನ್ನೂ ನಾಜೂಕು. ತಂಬೂರಿಯ ಕುದುರೆಯ ಮೇಲೆ ಜೀವಾಳಿಯ ನೂಲನ್ನು ಸರಿಸುವಾಗಿನಂತೆ ಇಲ್ಲಿಯೂ ಕಿವಿಯೇ ಪ್ರಮಾಣ: ತಿರುಪು ತಂತಿಗೆ ತೀರಾ ಹತ್ತಿರವಾದರೆ ಕಾಂತದ ಸೆಳೆತದಿಂದ ಸ್ವರ ಬೇಗ ನಂದುತ್ತದೆ, ಮಂದ್ರದ ತಂತಿಯಲ್ಲಿ ಶ್ರುತಿಯೂ ಕದಲಿದಂತೆ ಕೇಳುತ್ತದೆ. ಪ್ರತಿ ತಂತಿಯ ದನಿಯನ್ನು ಬೇರೆಯಾಗಿ ಸರಿದೂಗಿಸುವ ಈ ಸವಲತ್ತು ಮೂಲ ಪಿಕಪ್ಪಿನಲ್ಲಿ ಇಲ್ಲದ್ದು. ಮಾಡೆಲ್ ಪಿಯ ನಿಜವಾದ ಹೆಚ್ಚುಗಾರಿಕೆ ಅದರ ಕಸುವಿಗಿಂತ ಇದರಲ್ಲೇ ಇದೆ ಎನ್ನಬೇಕು.

ಹಳೆಯ ಸುರುಳಿ ಕಡಿದುಹೋದಾಗ ಅದನ್ನು ಹೊಸ ತಾಮ್ರದ ಎಳೆಯಿಂದ ಮತ್ತೆ ಸುತ್ತಿಸಬಹುದು, ಅಯಸ್ಕಾಂತ, ತಿರುಪು, ಚೌಕಟ್ಟು ಮೊದಲಿನವೇ ಉಳಿಯುತ್ತವೆ. ಸಂಗ್ರಾಹಕರು ಇಂಥದ್ದನ್ನು ಕೀಳಾಗಿ ಕಂಡು ಅರ್ಧ ಬೆಲೆಗೆ ಕೇಳಿದರೂ, ಎಳೆಯ ದಪ್ಪವನ್ನೂ ಸುತ್ತಿನ ಎಣಿಕೆಯನ್ನೂ ಮೊದಲಿನಂತೆಯೇ ಕಾಯ್ದುಕೊಂಡಿದ್ದರೆ ನುಡಿಸುವವನಿಗೆ ಅದು ಲಾಭದ ವ್ಯಾಪಾರ.